ಬಿಚ್ಚಿದ್ದೇ ತಪ್ಪಾ?

ಮನೆಯಲ್ಲೇ ಮೊಬೈಲ್ ಬಿಚ್ಚಿ ಬ್ಯಾಟರಿಯನ್ನೋ ಡಿಸ್‌ಪ್ಲೇಯನ್ನೋ ಬದಲಾಯಿಸಿದ ಮೇಲೆ ಸ್ಪೀಕರ್ ಕೂಗದಿದ್ದರೆ ಊರವರ ಮಾತು ಒಂದೇ: "ಗೊತ್ತಿಲ್ಲದ್ದಕ್ಕೆ ಕೈ ಯಾಕೆ ಹಾಕಿದ್ರಿ?" ಈ ಮಾತಿಗೆ ನನ್ನ ತಕರಾರಿದೆ. ಕೂರಿಗೆಯ ತಾಳು ಸಡಿಲಾದರೆ ನಾವೇ ಬಿಗಿ ಮಾಡ್ತೀವಿ. ಸ್ಪ್ರೇಯರಿನ ವಾಷರ್ ಹೋದರೆ ಹಳೇ ಟ್ಯೂಬು ಕತ್ತರಿಸಿ ಹಾಕ್ತೀವಿ. ಎಡೆಕುಂಟೆ, ಗಾಡಿ, ಸೈಕಲ್ಲು ಯಾವುದನ್ನೂ ಬಿಚ್ಚದೆ ಬಿಟ್ಟವರಲ್ಲ. ಅದಕ್ಕೆಲ್ಲ ಯಾರೂ ಬೈದದ್ದಿಲ್ಲ. ಹತ್ತು ಸಾವಿರ ಕೊಟ್ಟು ತಂದ ಮೊಬೈಲಿಗೆ ಮಾತ್ರ ಯಾಕೆ ಈ ಮಡಿ?

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿ ಶೇಂಗಾ ಹಾಕುವವರು. ನಮಗೆ ಮೊಬೈಲ್ ಅಂದರೆ ನೋಡುವುದಕ್ಕಿಂತ ಕೇಳುವ ವಸ್ತು. ಓದು ಬಾರದವರು, ಕಣ್ಣು ಮಂಜಾದವರು ವಾಟ್ಸಾಪಿನಲ್ಲಿ ಬರುವ ಮಾತನ್ನೇ ಕೇಳೋದು. ಕಿಸಾನ್ ಕಾಲ್ ಸೆಂಟರ್ 2004ರಿಂದ ಇದೆ. 1800-180-1551ಕ್ಕೆ ಫೋನ್ ಮಾಡಿ, ನಾಲ್ಕು ಜನ ಕಟ್ಟೆ ಮೇಲೆ ಕೂತು ಉತ್ತರ ಕೇಳಬೇಕು ಅಂದರೆ ಸ್ಪೀಕರ್ ಬೇಕೇ ಬೇಕು. ಹೊಲದಲ್ಲಿ ಬದುವಿನ ಮೇಲೆ ಇಟ್ಟ ಫೋನು ರಿಂಗಾಗದಿದ್ದರೆ ಅದು ಇದ್ದೂ ಇಲ್ಲದ ಹಾಗೆ.

ಕಳೆದ ಹಿಂಗಾರಿನಲ್ಲಿ ನನ್ನ ತಮ್ಮನ ಮಗ ಬ್ಯಾಟರಿ ತರಿಸಿ ತಾನೇ ಹಾಕಿದ. ಫೋನು ಹತ್ತಿತು. ಕಿವಿಗಿಟ್ಟರೆ ಮಾತು ಕೇಳುತ್ತೆ, ಆದರೆ ರಿಂಗಿಲ್ಲ, ಹಾಡಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಬಿಚ್ಚಿಯೂ ನೋಡದೆ "ಬೋರ್ಡು ಹೋಗಿದೆ, ಎರಡೂವರೆ ಸಾವಿರ ಆಗುತ್ತೆ" ಅಂದರಂತೆ. ಹುಡುಗ ವಾಪಸು ತಂದು ಮತ್ತೆ ಬಿಚ್ಚಿದ. "ದೊಡ್ಡಪ್ಪಾ, ಇಲ್ಲಿ ನೋಡು" ಅಂತ ಕರೆದ. ಸ್ಪೀಕರಿಗೆ ತಾಗಬೇಕಾದ ಎರಡು ಸಣ್ಣ ಸ್ಪ್ರಿಂಗ್ ಎಲೆಗಳಲ್ಲಿ ಒಂದು ಚಪ್ಪಟೆಯಾಗಿ ಮಲಗಿತ್ತು. ಬ್ಯಾಟರಿ ಕನೆಕ್ಟರ್ ಕಳಚಿ, ಸೂಜಿ ಮೊನೆಯಲ್ಲಿ ಎತ್ತಿದ. ಮುಚ್ಚಿದ ಮೇಲೆ ಕೂಗಿತು. ಖರ್ಚು ಸೊನ್ನೆ.

ಇದರ ಒಳಗುಟ್ಟು ದೊಡ್ಡದೇನಲ್ಲ. ಕಿವಿಗೆ ಕೇಳಿಸುವ ಸ್ಪೀಕರ್ ಮೇಲ್ತುದಿಯಲ್ಲಿ, ಜೋರಾಗಿ ಕೂಗುವುದು ಕೆಳತುದಿಯಲ್ಲಿ. ಕೆಳಗಿನದು ಬಹಳ ಫೋನುಗಳಲ್ಲಿ ಬೆಸುಗೆ ಇಲ್ಲದೆ, ಬರೀ ಸ್ಪ್ರಿಂಗಿನ ಮೇಲೆ ಒತ್ತಿಕೊಂಡು ಕೂತಿರುತ್ತೆ. ಒತ್ತಿ ಹಿಡಿಯುವುದು ಸ್ಕ್ರೂಗಳು. ಒಂದು ಸ್ಕ್ರೂ ಬಿಟ್ಟುಹೋದರೂ, ಬೆರಳಿನ ಜಿಡ್ಡು ತಾಗಿದರೂ ಸದ್ದು ನಿಲ್ಲಬಹುದು. ಅಂದರೆ ಸ್ಪೀಕರ್ ಸತ್ತಿರುವುದಿಲ್ಲ, ಕರೆಂಟು ತಲುಪಿರುವುದಿಲ್ಲ.

ಮತ್ತೆ ಬಿಚ್ಚುವ ಮುಂಚೆ ಬ್ಲೂಟೂತ್ ಆಫ್ ಮಾಡಿ ನೋಡಿ, ಸದ್ದು ಬೇರೆ ಕಡೆ ಹೋಗ್ತಿರಬಹುದು. ಇಯರ್‌ಫೋನ್ ಹಾಕದೆ ಅದರ ಗುರುತು ಪರದೆ ಮೇಲಿದ್ದರೆ ಆ ತೂತಿನಲ್ಲಿ ಕಸ ಇದೆ ಅಂತ ಲೆಕ್ಕ. ಒಮ್ಮೆ ಆಫ್ ಮಾಡಿ ಆನ್ ಮಾಡಿ. ಹೊಸ ಅಂಟು ಸ್ಪೀಕರಿನ ಜಾಲರಿಗೆ ಮೆತ್ತಿದೆಯಾ, ಅದನ್ನೂ ನೋಡಿ. ಆಮೇಲೆ ಚಾರ್ಜ್ ಆಗುತ್ತಾ, ನಮ್ಮ ಮಾತು ಆ ಕಡೆಯವರಿಗೆ ಕೇಳುತ್ತಾ ಪರೀಕ್ಷೆ ಮಾಡಿ. ಬಹಳ ಫೋನುಗಳಲ್ಲಿ ಚಾರ್ಜರಿನ ತೂತು, ಮೈಕು, ಸ್ಪೀಕರಿನ ಸಂಪರ್ಕ ಮೂರೂ ಕೆಳಗಿನ ಸಣ್ಣ ಬೋರ್ಡಿನಲ್ಲೇ ಇರುತ್ತವೆ. ಮೂರೂ ಕೆಟ್ಟಿದ್ದರೆ ಮೇಲಿನ ಬೋರ್ಡಿನಿಂದ ಬರುವ ಚಪ್ಪಟೆ ಪಟ್ಟಿ ಸರಿಯಾಗಿ ಕೂತಿಲ್ಲ ಅಂತ ಅನುಮಾನಿಸಿ. ಸ್ಪೀಕರ್ ಒಂದೇ ಕೆಟ್ಟಿದ್ದರೆ ಮೊದಲು ಸ್ಪ್ರಿಂಗ್ ನೋಡಿ.

ಇನ್ನೂ ಸಂಶಯವಿದ್ದರೆ ಸ್ಪೀಕರನ್ನು ಹೊರಗೆ ತೆಗೆದು, 1.5 ವೋಲ್ಟಿನ ಟಾರ್ಚ್ ಶೆಲ್ಲಿಗೆ ಎರಡು ಸಣ್ಣ ತಂತಿ ಹಿಡಿದು, ಅದರ ಎರಡು ಬಿಂದುಗಳಿಗೆ ಒಂದು ಕ್ಷಣ ಮುಟ್ಟಿಸಿ. ಟಕ್ ಅಂದರೆ ಜೀವ ಇದೆ. ರೇಡಿಯೋ ಕಾಲದ ಈ ಉಪಾಯ ನಮ್ಮ ವಯಸ್ಸಿನವರಿಗೆ ಗೊತ್ತಿದ್ದದ್ದೇ. ಏನೂ ಸದ್ದಿಲ್ಲದಿದ್ದರೆ ಸ್ಪೀಕರ್ ಮಾತ್ರ ಬದಲಾಯಿಸಿದರೆ ಸಾಕು, ಬೋರ್ಡಿನ ಮಾತೇ ಬೇಡ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುವವನಲ್ಲ. ಬ್ಯಾಟರಿ ಉಬ್ಬಿದ್ದರೆ ಮುಟ್ಟಬೇಡಿ. ಚುಚ್ಚಿದರೆ ಬೆಂಕಿ ಹತ್ತುತ್ತೆ. ವಾರಂಟಿ ಇರುವುದನ್ನು ಬಿಚ್ಚಬೇಡಿ. ಉಳಿದದ್ದಕ್ಕೆ ಆಫ್ ಮಾಡಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ಆಮೇಲೆ ಉಳಿದ ಕೆಲಸ. ಸ್ಕ್ರೂಗಳನ್ನು ಕಾಗದದ ಮೇಲೆ ಫೋನಿನ ಚಿತ್ರ ಬರೆದು ಅದದೇ ಜಾಗದಲ್ಲಿಡಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ತಿರುವಿದರೆ ಬೋರ್ಡು ನಿಜವಾಗಿಯೂ ಹೋಗುತ್ತೆ.

ನನ್ನ ಜಗಳ ಇರುವುದು ತಯಾರಿಸುವವರ ಜೊತೆ. ಸ್ಕ್ರೂ ಹಾಕಬೇಕಾದ ಕಡೆ ಅಂಟು ಹಾಕ್ತಾರೆ. ಒಳಗೆ ಏನು ಎಲ್ಲಿದೆ ಅನ್ನುವ ಒಂದು ಹಾಳೆ ಡಬ್ಬಿಯಲ್ಲಿ ಇಡೋದಿಲ್ಲ. ಸಣ್ಣ ಸ್ಪೀಕರ್ ಬೇಕು ಅಂದರೆ ಇಡೀ ಬೋರ್ಡು ತಗೊಳ್ಳಿ ಅಂತಾರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆ ಸಾಮಾನು, ವಾಹನ ಈ ನಾಲ್ಕೂ ಅದರಲ್ಲಿವೆ. ಆದರೆ ಕೈಪಿಡಿಯನ್ನು ಅಲ್ಲಿ ಹಾಕಿ ಎಂದು ಹೇಳಿದರೆ ಸಾಲದು, ಕೊಡಲೇಬೇಕು ಅನ್ನುವ ಕಾನೂನು ಬೇಕು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ರೈತರು ಪಟ್ಟು ಹಿಡಿದಿದ್ದರಿಂದ 2023ರಲ್ಲಿ ಟ್ರ್ಯಾಕ್ಟರ್ ಮುಂತಾದ ಯಂತ್ರಗಳ ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರ್ ಮಾಲೀಕನಿಗೂ ಕೊಡಬೇಕು ಅಂತ ಕಾನೂನಾಯಿತು. ಅಲ್ಲಿ ಟ್ರ್ಯಾಕ್ಟರಿಗೆ ಆದದ್ದು ಇಲ್ಲಿ ಮೊಬೈಲಿಗೆ ಯಾಕೆ ಆಗಬಾರದು?

ನಿಮ್ಮ ಊರಿನಲ್ಲೂ ಇಂಥ ಕೆಲಸ ಕಲಿತ ಹುಡುಗರು, ಹುಡುಗಿಯರು ಇರ್ತಾರೆ. ಯಾವ ಬಿಡಿಭಾಗ ಸಿಗೋದಿಲ್ಲ, ಅಂಗಡಿಯಲ್ಲಿ ಎಷ್ಟು ಕೇಳಿದರು, ಮನೆಯಲ್ಲಿ ಎಷ್ಟರಲ್ಲಿ ಆಯ್ತು, ಪತ್ರಿಕೆಗೆ ಬರೆದು ಕಳಿಸಿ. ಒಂದು ಕಾರ್ಡಾದರೂ ಸಾಕು.