ಕಾಲಂ 9ರಲ್ಲಿ ತಾತನ ಹೆಸರು

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ರೈತರಿಗೆ ಪಹಣಿ ತೆಗೆಸುವುದು ಈಗ ದೊಡ್ಡ ಕೆಲಸವಲ್ಲ. ನಾಡಕಚೇರಿಗೆ ಹೋದರೂ ಸಿಗುತ್ತದೆ, ಮಗನ ಮೊಬೈಲಿನಲ್ಲೂ ಕಾಣುತ್ತದೆ. ಸರ್ವೆ ನಂಬರ್ ಸರಿ, ವಿಸ್ತೀರ್ಣ ಸರಿ, ಈ ಸಲ ಬಿತ್ತಿದ ರಾಗಿಯೂ ಸರಿಯಾಗಿಯೇ ದಾಖಲಾಗಿರುತ್ತದೆ. ಖಾತೆದಾರರ ಹೆಸರಿರುವ ಕಾಲಂ 9ಕ್ಕೆ ಬಂದರೆ ಮಾತ್ರ ಎಷ್ಟೋ ಕುಟುಂಬಗಳಿಗೆ ಕಾಣುವುದು ಎಂದೋ ತೀರಿಹೋದ ತಾತನ ಹೆಸರು.

ಕರ್ನಾಟಕದಲ್ಲಿ ಇಷ್ಟೊಂದು ಜನ ಒಟ್ಟಿಗೆ ನೆಚ್ಚಿಕೊಂಡಿರುವ ಆನ್‌ಲೈನ್ ದಾಖಲೆ ‘ಭೂಮಿ’ಯಂಥದ್ದು ಇನ್ನೊಂದು ಸಿಗುವುದು ಕಷ್ಟ. ರೈತ, ಬ್ಯಾಂಕು, ಸೊಸೈಟಿ, ಸಬ್‌ರಿಜಿಸ್ಟ್ರಾರ್ ಕಚೇರಿ, ಕೃಷಿ ಇಲಾಖೆ, ಕೋರ್ಟು ಎಲ್ಲರೂ ನೋಡುವುದು ಅದೇ ಹಾಳೆಯನ್ನು. 2000ದ ಆಸುಪಾಸಿನಲ್ಲಿ, ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ್ದು ಸಣ್ಣ ಸಾಧನೆಯಲ್ಲ. ಒಂದು ಪಹಣಿಗಾಗಿ ಲೆಕ್ಕಿಗರ ಹಿಂದೆ ಅಲೆಯುವ ಕಾಲ ಬಹುಮಟ್ಟಿಗೆ ಮುಗಿಯಿತು, ಖಾತೆ ಬದಲಾವಣೆಯ ಅರ್ಜಿಗಳಿಗೆ ಸರದಿ ನಿಯಮ ಬಂತು. ಆದರೆ ಪುಸ್ತಕದಲ್ಲಿ ಹಳತಾಗಿದ್ದದ್ದು ಕಂಪ್ಯೂಟರಿಗೂ ಹಳತಾಗಿಯೇ ಹೋಯಿತು. ಹಳೆಯ ಹೆಸರಾದರೂ ಅದಕ್ಕೆ ಕಾನೂನಿನ ಬಲವಿದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪೆಂದು ರುಜುವಾತಾಗುವ ತನಕ ಹಕ್ಕುದಾಖಲೆಯಲ್ಲಿ ಇರುವುದೇ ನಿಜ.

ಇನ್ನು ಕಾಲಂ 12 ನೋಡಿ. ಅದು ಬೆಳೆಯ ಕಾಲಂ. ಹೊಲ ನೋಡದೆ ಹೋದ ವರ್ಷದ ಬೆಳೆಯನ್ನೇ ಮತ್ತೆ ಬರೆದುಬಿಡುತ್ತಾರೆ ಎಂಬ ದೂರು ಅಲ್ಲೂ ಇತ್ತು. ಆಮೇಲೆ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್‌ಗೆ ಬಂತು, 2020ರಿಂದ ರೈತರೇ ತಮ್ಮ ಹೊಲದಲ್ಲಿ ನಿಂತು ಫೋಟೊ ತೆಗೆದು ಹಾಕುವಂತಾಯಿತು. ಉಳಿದವರ ಹೊಲಕ್ಕೆ ಸಮೀಕ್ಷೆಗೆಂದೇ ನೇಮಿಸಿದ ಊರಿನ ಹುಡುಗರು ಹೋಗುತ್ತಾರೆ. ಮುಂಗಾರು, ಹಿಂಗಾರು, ಬೇಸಿಗೆ ಎಂದು ಹಂಗಾಮಿಗೊಮ್ಮೆ ಆ ಕಾಲಂ ಹೊಸದಾಗುತ್ತದೆ. ದೇವನಹಳ್ಳಿಯ ದ್ರಾಕ್ಷಿ ತೋಟ ಕಿತ್ತು ರಾಗಿ ಹಾಕಿದರೆ ಅದು ಗೊತ್ತಾಗುತ್ತದೆ. ತೋಟದ ಯಜಮಾನ ತೀರಿಕೊಂಡರೆ ಗೊತ್ತಾಗುವುದಿಲ್ಲ. ಒಂದು ಕಾಲಂಗೆ ಕಾಲ ಗೊತ್ತುಮಾಡಿ, ಕೆಲಸವನ್ನು ಒಬ್ಬರಿಗೆ ವಹಿಸಲಾಗಿದೆ. ಇನ್ನೊಂದಕ್ಕೆ ಅರ್ಜಿ ಬರಲಿ ಎಂದು ಕಾಯಲಾಗುತ್ತಿದೆ. ಸಮಸ್ಯೆಯ ಬೇರು ಇಷ್ಟೇ.

ಜಮೀನು ಮಾರಾಟವಾದರೂ ಹೀಗೆ ಕಾಯಬೇಕಿಲ್ಲ. ಕ್ರಯಪತ್ರ ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದಲ್ಲಿ ನೋಂದಣಿಯಾದರೆ ಮಾಹಿತಿ ತಾನಾಗಿ ‘ಭೂಮಿ’ಗೆ ಹರಿದು ಖಾತೆ ಬದಲಾವಣೆಯ ಕೆಲಸ ಶುರುವಾಗುತ್ತದೆ. ಸಾವಿಗೆ ಮಾತ್ರ ಕುಟುಂಬದವರೇ ಓಡಾಡಬೇಕು. ವಾರಸುದಾರರು ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು ಅದೇ ಕಾಯ್ದೆಯ 128ನೇ ಕಲಂ ಹೇಳುತ್ತದೆ. ತಿಥಿ, ಸಾಲ, ಅಣ್ಣತಮ್ಮಂದಿರ ಮನಸ್ತಾಪಗಳ ನಡುವೆ ಆ ಮೂರು ತಿಂಗಳು ಮೂವತ್ತು ವರ್ಷವಾಗುವುದು ಹಳ್ಳಿಯಲ್ಲಿ ಯಾರಿಗೂ ಹೊಸತಲ್ಲ. ನೋವಿನ ಸಂಗತಿ ಬೇರೆಯೇ ಇದೆ. ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ಜನನ-ಮರಣ ನೋಂದಣಿ ಮಾಡುತ್ತಿದ್ದವರೂ ಗ್ರಾಮ ಲೆಕ್ಕಿಗರೇ, ಪಹಣಿ ಬರೆಯುತ್ತಿದ್ದವರೂ ಅವರೇ. ಒಂದು ಪುಸ್ತಕದಲ್ಲಿ ಸಾವನ್ನು ದಾಖಲಿಸಿದವರೇ ಇನ್ನೊಂದರಲ್ಲಿ ಅದೇ ವ್ಯಕ್ತಿಯನ್ನು ಖಾತೆದಾರನಾಗಿ ಮುಂದುವರಿಸಿದ್ದಾರೆ. ಎರಡನ್ನೂ ತಾಳೆ ನೋಡಬೇಕೆಂದು ಯಾರೂ ಹೇಳಿರಲಿಲ್ಲ.

ಇದರ ಏಟು ಬೀಳುವುದು ಉಳುತ್ತಿರುವವನ ಮೇಲೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಬೇಕಾದರೆ ಜಮೀನು ತನ್ನ ಹೆಸರಿನಲ್ಲಿರಬೇಕು. ಬರ ಪರಿಹಾರ ರೈತರ ನೋಂದಣಿಯ ‘ಫ್ರೂಟ್ಸ್’ ಗುರುತಿನ ಸಂಖ್ಯೆಯ ಮೂಲಕ ಖಾತೆದಾರನಿಗೆ ಸಂದಾಯವಾಗುತ್ತದೆ. ಖಾತೆದಾರ ಗೋರಿಯಲ್ಲಿದ್ದರೆ ಮೊಮ್ಮಗನಿಗೆ ಕೈಗೆಟಕುವುದು ಏನೂ ಇಲ್ಲ. 2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಈ ಜಿಲ್ಲೆಯಲ್ಲಿ ಒಂದೊಂದು ಗುಂಟೆಯ ಹಿಂದೆಯೂ ಲಕ್ಷಗಳ ಮಾತಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಸ್ವಾಧೀನವನ್ನು ರೈತರ ದೀರ್ಘ ಹೋರಾಟದ ಬಳಿಕ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಆದರೆ ಎಲ್ಲೇ ಭೂಸ್ವಾಧೀನ ನಡೆದರೂ ನೋಟಿಸು ಹೊರಡುವುದು ಪಹಣಿಯ ಹೆಸರಿಗೆ. ವಾರಸುದಾರರಲ್ಲಿ ತಕರಾರೆದ್ದರೆ ಪರಿಹಾರದ ಹಣ ಕೋರ್ಟಿನಲ್ಲಿ ಕೊಳೆಯುತ್ತದೆ.

ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಸತ್ತವರ ಹೆಸರಿನ ಖಾತೆಗಳು ರಾಜ್ಯದಲ್ಲಿ ಲಕ್ಷಗಟ್ಟಲೆ ಇರುವುದು ಬೆಳಕಿಗೆ ಬಂತು. 2025ರಲ್ಲಿ ಕಂದಾಯ ಇಲಾಖೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಆಂದೋಲನ ಹಮ್ಮಿಕೊಂಡು, ಗ್ರಾಮ ಆಡಳಿತಾಧಿಕಾರಿಗಳನ್ನೇ (ಹಿಂದಿನ ಗ್ರಾಮ ಲೆಕ್ಕಿಗರು) ಮನೆಬಾಗಿಲಿಗೆ ಕಳಿಸಿತು. ಇದು ಸರಿಯಾದ ದಾರಿ, ತಡವಾದರೂ ಸರಿಯಾದ ದಾರಿ.

ಆದರೆ ಅವಸರದಲ್ಲಿ ಮಾಡುವ ಕೆಲಸಕ್ಕೆ ಅದರದೇ ಅಪಾಯವಿದೆ. ವಂಶವೃಕ್ಷ ಬರೆಸುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುವುದು, ಬಿಡುವುದು, ಎರಡೂ ನಡೆಯುತ್ತವೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ತಿದ್ದುಪಡಿ ದೇಶಕ್ಕೆ 2005ರಲ್ಲಿ ಬಂದರೆ ಕರ್ನಾಟಕದಲ್ಲಿ 1994ರಲ್ಲೇ ಜಾರಿಗೆ ಬಂದಿತ್ತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಳೆಯ ತಪ್ಪನ್ನು ತೆಗೆದು ಹೊಸ ತಪ್ಪನ್ನು ಕೂರಿಸಿದರೆ ಮುಂದಿನ ತಲೆಮಾರು ಕೋರ್ಟು ಹತ್ತುತ್ತದೆ. ತಾತನ ಹೆಸರಿರುವ ಪಹಣಿಯಲ್ಲಿ ಮಗಳ ಹಕ್ಕಿಗೆ ಇನ್ನೂ ದಾರಿಯಿದೆ. ಅಣ್ಣತಮ್ಮಂದಿರ ಹೆಸರಷ್ಟೇ ಹೊಸದಾಗಿ ಕೂತ ಪಹಣಿಯಲ್ಲಿ ಆ ದಾರಿ ಬಲು ಕಿರಿದಾಗುತ್ತದೆ.

ಹಳೆಯದನ್ನು ಸರಿಪಡಿಸುವುದೆಂದರೆ ಅಳಿಸಿಹಾಕುವುದಲ್ಲ ಎಂಬುದನ್ನು ಕಂದಾಯ ಇಲಾಖೆ ಮೊದಲಿನಿಂದಲೂ ಬಲ್ಲದು. ಪಹಣಿಯ ಹೆಸರಿನ ಪಕ್ಕದಲ್ಲಿರುವ ಎಂಆರ್ (ಖಾತೆ ಬದಲಾವಣೆ ರಿಜಿಸ್ಟರ್) ಸಂಖ್ಯೆ ಹಿಡಿದು ಹೋದರೆ ಹಕ್ಕು ಯಾರಿಂದ, ಯಾವ ವರ್ಷ, ಹೇಗೆ ಬಂತೆಂದು ತಿಳಿಯುತ್ತದೆ. ರೆಕಾರ್ಡ್ ರೂಮುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಗಿದ್ದು ಅದಕ್ಕಾಗಿಯೇ. ಈ ಜಿಲ್ಲೆಗಂತೂ ಅದು ತೀರ ಅಗತ್ಯ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಪ್ರತ್ಯೇಕವಾಯಿತು, 2007ರಲ್ಲಿ ರಾಮನಗರ ಬೇರೆಯಾಗಿ ನಾಲ್ಕು ತಾಲ್ಲೂಕು ಉಳಿದವು, 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದನ್ನು ಬೆಂಗಳೂರು ಉತ್ತರ ಎಂದು ಕರೆಯಲು ತೀರ್ಮಾನಿಸಿತು. ಒಂದೇ ಸರ್ವೆ ನಂಬರಿನ ಹಳೆಯ ಕಾಗದ ಹುಡುಕಲು ಎಷ್ಟು ಕಡೆ ಕೈಹಾಕಬೇಕೋ!

ಆಂದೋಲನ ಮುಗಿದ ಮರುದಿನದಿಂದಲೇ ಹೊಸ ಸಾವುಗಳು, ಹೊಸ ಪೌತಿಗಳು ಸೇರತೊಡಗುತ್ತವೆ. ಮರಣ ನೋಂದಣಿಯಾದೊಡನೆ ಆ ಹೆಸರಿನ ಸರ್ವೆ ನಂಬರುಗಳ ಪಟ್ಟಿ ಗ್ರಾಮ ಆಡಳಿತಾಧಿಕಾರಿಯ ಮುಂದೆ ತಾನಾಗಿ ಬರುವಂತೆ ಮಾಡಬೇಕು, ಕ್ರಯಪತ್ರಕ್ಕೆ ಆಗುತ್ತಿರುವುದು ಇದಕ್ಕೂ ಆಗಲಿ. ಪ್ರತಿ ಖಾತೆಯನ್ನೂ ಕೊನೆಯ ಬಾರಿ ಪರಿಶೀಲಿಸಿದ ದಿನಾಂಕ ಪಹಣಿಯ ಮೇಲೆಯೇ ಅಚ್ಚಾಗಲಿ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕಾಲಂ 9ರ ಹೆಸರುಗಳನ್ನು ಗಟ್ಟಿಯಾಗಿ ಓದಲಿ. ಯಾರು ಇಲ್ಲ, ಯಾರ ಮಗಳು ಯಾವ ಊರಿಗೆ ಮದುವೆಯಾಗಿ ಹೋಗಿದ್ದಾಳೆ ಎಂಬುದೆಲ್ಲ ಊರಿಗೆ ಗೊತ್ತು. ಆ ಮಗಳಿಗೂ ಅವಳಿರುವ ಊರಿನ ವಿಳಾಸಕ್ಕೇ ನೋಟಿಸು ಹೋಗಿ, ಅವಳ ಉತ್ತರ ಬಂದ ಮೇಲೆಯೇ ಖಾತೆ ಬದಲಾಗಲಿ.