ಯಾರ ಕಣ್ಣಿಗೆ ಮರೆ, ಯಾರ ಕಣ್ಣಿಗೆ ಬಯಲು

ಸಾಂಗ್ಲಿ ಅರಿಶಿನದ ಪೇಟೆ ಎಂಬುದು ಗಡಿಯ ಈಚೆಗಿನವರಿಗೂ ಗೊತ್ತು. ಅದು ಚದುರಂಗದ ಊರೂ ಹೌದು ಎಂಬುದು ಕನ್ನಡದಲ್ಲಿ ಅಷ್ಟಾಗಿ ಪ್ರಚಾರವಾಗಿಲ್ಲ. ಭಾವುಸಾಹೇಬ ಪಡಸಲಗೀಕರರು 1941ರಲ್ಲಿ ಅಲ್ಲಿ ಕಟ್ಟಿದ ನೂತನ ಬುದ್ಧಿಬಳ ಮಂಡಳ ದಶಕಗಳ ಕಾಲ ಟೂರ್ನಿಗಳನ್ನು ನಡೆಸಿತು. ಭಾಗ್ಯಶ್ರೀ ಸಾಠೆ ಠಿಪ್ಸೆ, ಸ್ವಾತಿ ಘಾಟೆ ಅವರಂಥ ಆಟಗಾರ್ತಿಯರು ಆ ಪರಿಸರದಿಂದ ಬಂದವರು. ಮಿರಜ್ ತಾಲ್ಲೂಕಿನ ಲಿಂಗನೂರಿನಂಥ ಗಡಿಯಂಚಿನ ಊರುಗಳ ಬೆಳೆಗಾರನಿಗೆ ಇದೇ ಪೇಟೆ. ಪೇಟೆಗೂ ಚದುರಂಗದ ಮಣೆಗೂ ಸಮಾನವಾದ ಒಂದು ಪ್ರಶ್ನೆ ಈಗ ಮೊಬೈಲಿನ ಮೂಲಕ ಹೊಸದಾಗಿ ಎದ್ದಿದೆ. ನೂರಾರು ಜನ ಕೂಡಿ, ಪ್ರತಿ ನಡೆಗೂ ಮತ ಹಾಕಿ, ಒಂದೇ ಪಕ್ಷವಾಗಿ ಚೆಸ್ ಆಡುವ ಗುಂಪುಗಳಿವೆ. ಅಂಥ ಕೆಲವು ಗುಂಪುಗಳಲ್ಲಿ ಆಟದ ಜೊತೆಗೇ ನಡೆಯುವ ಮಾತು ಕ್ರಿಪ್ಟೊ ಹಣದ ಖಾಸಗಿತನದ ಬಗ್ಗೆ: ನನ್ನ ಪಾವತಿಯನ್ನು ಯಾರು ನೋಡಬಹುದು, ಯಾರು ನೋಡಬಾರದು? ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಈ ಎರಡೂ ಒಂದೇ ಪ್ರಶ್ನೆ ಎಂಬುದು ನನ್ನ ವಾದ. ಪಾರದರ್ಶಕತೆ ಒಳ್ಳೆಯದೋ ಗೌಪ್ಯತೆ ಒಳ್ಳೆಯದೋ ಎಂದು ನಾವು ಸಾಮಾನ್ಯವಾಗಿ ಜಗಳವಾಡುತ್ತೇವೆ. ಕೇಳಬೇಕಾದದ್ದು ಯಾರಿಂದ ಏನು ಮರೆಯಾಗಿದೆ ಎಂದು. ಬೇರೆಯವರ ಪರವಾಗಿ ತೀರ್ಮಾನ ಮಾಡುವವನು ಬಯಲಲ್ಲಿ ನಿಲ್ಲಬೇಕು, ಒತ್ತಡಕ್ಕೆ ಸಿಗಬಹುದಾದವನಿಗೆ ಮರೆ ಇರಬೇಕು.

ಮತದಿಂದ ಆಡಿದ ಚೆಸ್ಸಿನ ಅತ್ಯಂತ ದೊಡ್ಡ ಪಾಠ 1999ರದು. ಜೂನ್ 21ರಂದು ಗ್ಯಾರಿ ಕಾಸ್ಪರೋವ್ ಬಿಳಿ ಕಾಯಿಗಳಿಂದ ಆರಂಭಿಸಿದರು. ಎದುರಾಳಿ ಎಂದರೆ ಇಡೀ ಜಗತ್ತು. 75ಕ್ಕೂ ಹೆಚ್ಚು ದೇಶಗಳ 50,000ಕ್ಕೂ ಹೆಚ್ಚು ಜನ, ನಡೆಗೊಂದು ದಿನದಂತೆ, ನಾಲ್ಕು ತಿಂಗಳು ಮತ ಹಾಕಿದರು. ಸಲಹೆ ಕೊಡಲು ನಾಲ್ವರು ಎಳೆಯ ಆಟಗಾರರಿದ್ದರು. ಅವರಲ್ಲಿ 15 ವರ್ಷದ ಐರಿನಾ ಕ್ರುಶ್ ಹತ್ತನೆಯ ನಡೆಯಲ್ಲೇ ಯಾರೂ ಆಡಿರದ ಒಂದು ರಾಣಿಯ ನಡೆಯನ್ನು ಮುಂದಿಟ್ಟಳು, ಜನ ಒಪ್ಪಿದರು, ಆಟಕ್ಕೆ ಜೀವ ಬಂತು. ತಾನು ಯಾವ ಆಟಕ್ಕೂ ಇಷ್ಟು ದುಡಿದಿರಲಿಲ್ಲ ಎಂದು ಕಾಸ್ಪರೋವ್ ಆಮೇಲೆ ಹೇಳಿದರು. ಆದರೆ ಕೊನೆಯ ಘಟ್ಟದಲ್ಲಿ ವ್ಯವಸ್ಥೆ ಹಳ್ಳ ಹಿಡಿಯಿತು. 51ನೆಯ ನಡೆಯಲ್ಲಿ ಕ್ರುಶ್ ಸೂಚಿಸಿದ್ದಕ್ಕಿಂತ ಬೇರೆ ನಡೆ ಗೆದ್ದಿತು, ಆಮೇಲೆ ಒಬ್ಬ ತಾನು ಕಳ್ಳಮತ ತುಂಬಿದ್ದಾಗಿ ಹೇಳಿಕೊಂಡ. 58ರಲ್ಲಿ ಕ್ರುಶ್‌ಳ ಸಲಹೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ, ಜನ ಸೋಲುವ ನಡೆಗೆ ಮತ ಹಾಕಿದರು. ಸಿಟ್ಟಿಗೆದ್ದವರು ಮುಂದಿನ ಸಲ ರಾಣಿಯನ್ನೇ ಬಲಿಕೊಡುವ ನಡೆಗೆ ಮತ ತುಂಬಿದರು, ಆಯೋಜಕರು ಅದನ್ನು ತಳ್ಳಿಹಾಕಿದರು. 62ನೆಯ ನಡೆಗೆ ಜಗತ್ತು ಸೋತಿತು. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ: ಜಗತ್ತಿನ ಪಕ್ಷ ತನ್ನೊಳಗೆ ನಡೆಸುತ್ತಿದ್ದ ಚರ್ಚೆ ಯಾರು ಬೇಕಾದರೂ ಓದುವಂತೆ ತೆರೆದಿತ್ತು. ಅದನ್ನು ತಾನು ಓದುತ್ತಿದ್ದೆನೆಂದು ಕಾಸ್ಪರೋವ್ ಒಪ್ಪಿಕೊಂಡರು.

ಈ ಒಂದು ಆಟದಲ್ಲಿ ಬಯಲಾಗಬೇಕಾದದ್ದು ಮರೆಯಾಗಿತ್ತು, ಮರೆಯಾಗಬೇಕಾದದ್ದು ಬಯಲಾಗಿತ್ತು. ಮತದ ಎಣಿಕೆ ಆಯೋಜಕರ ಪೆಟ್ಟಿಗೆಯೊಳಗೆ, ಅದನ್ನು ಪರೀಕ್ಷಿಸಲು ಮತದಾರರಿಗೆ ದಾರಿ ಇರಲಿಲ್ಲ. ಅದೇ ಹೊತ್ತಿಗೆ ಪಕ್ಷದ ಒಳಮಾತು ಎದುರಾಳಿಯ ಮೇಜಿನ ಮೇಲಿತ್ತು. ಈಗಿನ ಮತ ಚೆಸ್ಸಿನಲ್ಲಿ ಒಳಚರ್ಚೆ ಎದುರು ಪಕ್ಷಕ್ಕೆ ಕಾಣುವುದಿಲ್ಲ, ಅದು ಸರಿಯಾದ ತಿದ್ದುಪಡಿ. ಬಹುಮತದ ಜಾಣತನಕ್ಕೆ ಗಣಿತದ ಆಧಾರ ಕೊಟ್ಟವನು ಫ್ರಾನ್ಸಿನ ಕಾಂಡೊರ್ಸೆ, 1785ರಲ್ಲಿ. ಒಬ್ಬೊಬ್ಬನೂ ತಪ್ಪುವುದಕ್ಕಿಂತ ಸರಿಯಾಗುವ ಸಂಭವ ಸ್ವಲ್ಪವೇ ಹೆಚ್ಚಿದ್ದರೂ ಗುಂಪು ದೊಡ್ಡದಾದಷ್ಟೂ ಬಹುಮತ ಸರಿಯಾಗುತ್ತ ಹೋಗುತ್ತದೆ ಎಂದ. ಷರತ್ತು ಏನೆಂದರೆ ಪ್ರತಿಯೊಬ್ಬನೂ ತನ್ನ ಬುದ್ಧಿಯಿಂದ ಮತ ಹಾಕಬೇಕು. ಮತ ಬೀಳುತ್ತಿರುವಾಗಲೇ ಎಣಿಕೆ ಕಂಡರೆ ಹಿಂದಿನವರು ಮುಂದಿನವರ ಬೆನ್ನು ಹಿಡಿಯುತ್ತಾರೆ, ಸಾವಿರ ಮತಕ್ಕೆ ಹತ್ತು ತಲೆಗಳ ಬೆಲೆ. ನಮ್ಮ ಚುನಾವಣೆಗಳಲ್ಲಿ ಕೊನೆಯ ಹಂತ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆ ಪ್ರಕಟಿಸಬಾರದೆಂಬ ನಿಯಮಕ್ಕೆ ಇದೇ ಕಾರಣ. ಆದ್ದರಿಂದ ಕಾರಣಗಳು ಮತದಾನಕ್ಕೆ ಮೊದಲೇ ಪಕ್ಷದೊಳಗೆ ಬಯಲಾಗಬೇಕು, ಎಣಿಕೆ ಮತದಾನ ಮುಗಿದ ಮೇಲೆ ಬಯಲಾಗಬೇಕು, ಒಬ್ಬೊಬ್ಬನ ಮತ ಎಂದೂ ಬಯಲಾಗಬಾರದು. ಕ್ರುಶ್ ಮಾತ್ರ ಹೆಸರಿಟ್ಟು ಮಾತಾಡಬೇಕಿತ್ತು, ಯಾಕೆಂದರೆ ಸಾವಿರಾರು ಜನ ಆಕೆಯ ಮಾತನ್ನು ನಂಬಿ ನಡೆ ಇಡುತ್ತಿದ್ದರು. ಇದೇ ವ್ಯತ್ಯಾಸವನ್ನು ನಮ್ಮ ಕಾನೂನೂ ಕಂಡಿದೆ. ಸಾಮಾನ್ಯ ಮತದಾರನ ಮತ ಗುಪ್ತ. 2003ರ ತಿದ್ದುಪಡಿಯ ನಂತರ ರಾಜ್ಯಸಭೆಗೆ ಮತ ಹಾಕುವ ಶಾಸಕನದು ಬಹಿರಂಗ. ಕುಲದೀಪ್ ನಯ್ಯರ್ ಅದನ್ನು ಪ್ರಶ್ನಿಸಿದರು, 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು.

ಇನ್ನು ಹಣ. ಬಿಟ್‌ಕಾಯಿನ್ ಗುಟ್ಟಿನ ಹಣ ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ, ಅದು ತಲೆಕೆಳಗಾದ ನಂಬಿಕೆ. 2009ರಿಂದ ಇಂದಿನವರೆಗಿನ ಪ್ರತಿ ಬಿಟ್‌ಕಾಯಿನ್ ಪಾವತಿಯೂ ಎಲ್ಲರೂ ನೋಡಬಹುದಾದ ಒಂದೇ ಖಾತೆಪುಸ್ತಕದಲ್ಲಿದೆ. ಹೆಸರಿನ ಬದಲು ಅಂಕೆ ಅಕ್ಷರಗಳ ವಿಳಾಸ ಇರುತ್ತದೆ, ಅಷ್ಟೇ. ಒಂದು ವಿಳಾಸ ಇಂಥವರದೆಂದು ಒಮ್ಮೆ ತಿಳಿದರೆ ಅದರ ಹಿಂದುಮುಂದಿನ ಸಾಲೆಲ್ಲ ಓದಬಹುದು. ಲಿಂಗನೂರಿನ ಒಬ್ಬ ದ್ರಾಕ್ಷಿ ಬೆಳೆಗಾರ ಇಂಥ ಹಣದಲ್ಲಿ ವ್ಯವಹರಿಸುತ್ತಾನೆ ಎಂದುಕೊಳ್ಳಿ. ಒಬ್ಬ ವ್ಯಾಪಾರಿ ಮುಂಗಡ ಕಳಿಸಿದಾಗ ಬೆಳೆಗಾರನ ವಿಳಾಸ ಅವನಿಗೆ ಸಿಕ್ಕಿತು. ಹೋದ ಹಂಗಾಮಿನಲ್ಲಿ ಎಷ್ಟಕ್ಕೆ ಮಾರಿದ, ಔಷಧಿ ಅಂಗಡಿಗೆ ಎಷ್ಟು ಕೊಟ್ಟ, ಕೈಯಲ್ಲಿ ಈಗ ಎಷ್ಟು ಉಳಿದಿದೆ ಎಂಬುದೆಲ್ಲ ವ್ಯಾಪಾರಿಯ ಮುಂದಿದೆ. ತಂಪುಕೋಣೆಗೆ ಹಾಕಿ ಕಾಯುವಷ್ಟು ಹಣ ಇವನ ಹತ್ತಿರ ಇಲ್ಲ ಎಂದು ಗೊತ್ತಾದ ಮೇಲೆ ಯಾವ ಖರೀದಿದಾರನೂ ಒಳ್ಳೆಯ ದರ ಹೇಳುವುದಿಲ್ಲ. ಆದರೆ ಬೆಳೆಗಾರನಿಗೆ ವ್ಯಾಪಾರಿಯ ಖಾತೆಯನ್ನು ಹಾಗೆ ಓದುವ ವೇಳೆಯೂ ಇಲ್ಲ, ಸಾಧನವೂ ಇಲ್ಲ. ಎಲ್ಲರಿಗೂ ಬಯಲು ಎಂಬ ಸಮಾನತೆ ಹೀಗೆ ಬಲವಿದ್ದವನ ಕೈಗೆ ಇನ್ನೊಂದು ಆಯುಧ ಕೊಡುತ್ತದೆ. 2014ರಲ್ಲಿ ಶುರುವಾದ ಮೊನೆರೊ, 2016ರ ಜೀಕ್ಯಾಶ್ ಎಂಬ ಕ್ರಿಪ್ಟೊ ಹಣಗಳು ಹುಟ್ಟಿದ್ದು ಈ ಕೊರತೆ ತುಂಬಲು. ಅವುಗಳಲ್ಲಿ ಲೆಕ್ಕ ಸರಿಯಾಗಿದೆ, ಇಲ್ಲದ ಹಣ ಯಾರೂ ಸೃಷ್ಟಿಸಿಲ್ಲ ಎಂಬುದನ್ನು ಎಲ್ಲರೂ ಪರೀಕ್ಷಿಸಬಹುದು. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಆ ಇಬ್ಬರ ನಡುವೆ ಉಳಿಯಬಹುದು. ಇದು ಹೊಸ ಕಾಲದ ಹಠವೇನಲ್ಲ. ಮಿರಜ್‌ನಲ್ಲೇ ಸಿಕ್ಕ, ಶಿಲಾಹಾರ ವಿಜಯಾದಿತ್ಯನ ಕಾಲದ 12ನೆಯ ಶತಮಾನದ ಕನ್ನಡ ಶಾಸನದಲ್ಲಿ ವೀರಬಣಂಜು ವರ್ತಕ ಸಂಘ ಕೊಟ್ಟ ದಾನ ಕಲ್ಲಿನ ಮೇಲಿದೆ. ಒಬ್ಬೊಬ್ಬ ವರ್ತಕನ ಗಂಟಿನಲ್ಲಿ ಎಷ್ಟಿತ್ತೆಂದು ಕಲ್ಲು ಹೇಳುವುದಿಲ್ಲ.

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪ ಪೇಟೆಯಿಂದಲೇ ಬರುತ್ತದೆ. ನಮ್ಮ ದೇಶದ ಬಹಳಷ್ಟು ಪೇಟೆಗಳಲ್ಲಿ ಒಂದು ಕಾಲಕ್ಕೆ ದರ ಕುದುರುತ್ತಿದ್ದದ್ದು ಬಟ್ಟೆಯ ಮರೆಯಲ್ಲಿ. ಖರೀದಿದಾರನೂ ದಲ್ಲಾಳಿಯೂ ಒಂದು ವಸ್ತ್ರದ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಬಾಯಿ ಬಿಡದೆ ದರ ಹೇಳಿಕೊಳ್ಳುತ್ತಿದ್ದರು. ಮಾಲು ತಂದ ರೈತ ಪಕ್ಕದಲ್ಲೇ ನಿಂತಿರುತ್ತಿದ್ದ, ಯಾರು ಎಷ್ಟು ಹೇಳಿದರೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ. ದಲ್ಲಾಳಿ ಕೊನೆಗೆ ಹೇಳಿದ್ದೇ ದರ. ನಿಯಂತ್ರಿತ ಮಾರುಕಟ್ಟೆಯ ಕಾಯ್ದೆಗಳು ಬಂದು ಬಹಿರಂಗ ಹರಾಜು ತಂದದ್ದು ಈ ಮೋಸ ತಪ್ಪಿಸಲು. ಮರೆಯಿಂದ ಕೆಟ್ಟವನು ರೈತ, ಬಯಲಿನಿಂದ ಉಳಿದವನೂ ರೈತ, ಹಾಗಿರುವಾಗ ಖಾಸಗಿತನದ ಹೊಗಳಿಕೆ ಯಾಕೆ ಎಂದು ಕೇಳಬಹುದು. ಇದಕ್ಕೆ ಉತ್ತರ ಇರುವುದು ಕರ್ನಾಟಕದ ಎಪಿಎಂಸಿಗಳಲ್ಲೇ. 2014ರಿಂದ ಇಲ್ಲಿ ಬಂದ ಏಕೀಕೃತ ಮಾರುಕಟ್ಟೆ ವ್ಯವಸ್ಥೆಯ ಆನ್‌ಲೈನ್ ಟೆಂಡರಿನಲ್ಲಿ ಪ್ರತಿ ಖರೀದಿದಾರನೂ ತನ್ನ ದರವನ್ನು ಬೇರೆಯವರಿಗೆ ಕಾಣದಂತೆ ನಮೂದಿಸುತ್ತಾನೆ. ವೇಳೆ ಮುಗಿದ ಮೇಲೆ ಹೆಚ್ಚಿನ ದರ ಪ್ರಕಟವಾಗುತ್ತದೆ, ರೈತ ಒಪ್ಪಬಹುದು, ಬಿಡಬಹುದು. ಇಲ್ಲೂ ದರ ಗುಟ್ಟು, ಬಟ್ಟೆಯ ಕೆಳಗೂ ದರ ಗುಟ್ಟು. ಅಂದಿನ ಗುಟ್ಟು ಮಾಲಿನ ಒಡೆಯನಿಂದ ಇತ್ತು. ಇಂದಿನದು ಪರಸ್ಪರ ಮಾತಾಡಿಕೊಂಡು ದರ ಇಳಿಸಬಲ್ಲ ಖರೀದಿದಾರರ ನಡುವೆ ಇದೆ. ದಿಕ್ಕು ಬದಲಾದದ್ದೇ ನ್ಯಾಯ ಬದಲಾಗಲು ಸಾಕಾಯಿತು.

ಎರಡನೆಯ ಆಕ್ಷೇಪ ಕಳ್ಳರ ಕುರಿತದ್ದು, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ದ್ರಾಕ್ಷಿ ಉದ್ರಿಯಾಗಿ ಒಯ್ದು, ಹಣ ಕೊಡದೆ ಕಾಣೆಯಾಗುವ ಹೊರಗಿನ ವ್ಯಾಪಾರಿಗಳ ದೂರು ಸಾಂಗ್ಲಿ ಭಾಗದಲ್ಲಿ ಹಳೆಯದು. ಹೆಸರೇ ಇಲ್ಲದ ಹಣ ಅಂಥವನಿಗೆ ವರ. 2020ರಲ್ಲಿ ಬೆಂಗಳೂರಿನಲ್ಲಿ ಹೊರಬಿದ್ದ ಬಿಟ್‌ಕಾಯಿನ್ ಹಗರಣ ಡ್ರಗ್ಸ್ ಖರೀದಿಯ ಜಾಡಿನಿಂದಲೇ ಶುರುವಾಯಿತು. ಆದರೆ ಉದ್ರಿ ಒಯ್ದವನ ಗುರುತು ಬೇಕಾದದ್ದು ಮಾರಿದವನಿಗೆ, ಕೇಸು ಬಿದ್ದರೆ ನ್ಯಾಯಾಲಯಕ್ಕೆ. ಜಗತ್ತಿಗೆಲ್ಲ ಬೇಕಿಲ್ಲ. ಮೊನೆರೊ, ಜೀಕ್ಯಾಶ್ ಎರಡರಲ್ಲೂ ವ್ಯೂ ಕೀ ಎಂಬ ಏರ್ಪಾಡಿದೆ: ಹಣದ ಒಡೆಯ ಅದನ್ನು ಆಡಿಟರಿಗೋ ತೆರಿಗೆ ಅಧಿಕಾರಿಗೋ ಕೊಟ್ಟರೆ ಅವರಿಗೆ ಮಾತ್ರ ಲೆಕ್ಕ ಕಾಣುತ್ತದೆ, ಖರ್ಚು ಮಾಡುವ ಅಧಿಕಾರ ಹೋಗುವುದಿಲ್ಲ. 2023ರ ಮಾರ್ಚಿನಿಂದ ನಮ್ಮ ದೇಶದ ಕ್ರಿಪ್ಟೊ ವಿನಿಮಯ ಕೇಂದ್ರಗಳು ಅಕ್ರಮ ಹಣ ತಡೆ ಕಾಯ್ದೆಯಡಿ ಬಂದಿವೆ, ಗ್ರಾಹಕರ ಗುರುತು ಇಟ್ಟುಕೊಳ್ಳಬೇಕು, ಅನುಮಾನದ ವ್ಯವಹಾರ ವರದಿ ಮಾಡಬೇಕು. ಬಾಗಿಲಲ್ಲಿ ಗುರುತು ಕೇಳುವ ಈ ಕ್ರಮವನ್ನು ನಾನು ಒಪ್ಪುತ್ತೇನೆ. ಯಾವ ಬಾಗಿಲೂ ಇಲ್ಲದ ಹಣ ಬೇಕೆನ್ನುವವರು ಮೋಸ ಹೋದವನಿಗೆ ಏನು ಪರಿಹಾರ ಎಂದು ಹೇಳಿಲ್ಲ. ಬಾಗಿಲಲ್ಲಿ ಒಮ್ಮೆ ಗುರುತು ಕೇಳುವುದು ಬೇರೆ, ಮನೆಯೊಳಗಿನ ಓಡಾಟವನ್ನೆಲ್ಲ ದಾಖಲಿಸುವುದು ಬೇರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಸರ್ಕಾರ ಅದರೊಳಗೆ ಕೈ ಹಾಕಬೇಕಾದರೆ ಕಾನೂನಿನ ಬಲ ಇರಬೇಕು, ಒಪ್ಪತಕ್ಕ ಉದ್ದೇಶ ಇರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಹಾಕಬೇಕು. ಹಣಕ್ಕೂ ಈ ಅಳತೆ ಸಲ್ಲುತ್ತದೆ.

ಗುರುತು ತೋರಿಸದೆ ಕಳ್ಳಮತ ತಡೆಯುವುದು ಹೇಗೆ ಎಂಬ ಪ್ರಶ್ನೆ ಉಳಿದಿದೆ, 1999ರ ಆಟದ 51ನೆಯ ನಡೆ ಅದನ್ನು ನಮ್ಮ ಮುಂದಿಟ್ಟೇ ಹೋಗಿದೆ. ಗೂಢಲಿಪಿಯ ಪಂಡಿತರು ಇದಕ್ಕೆ ಶೂನ್ಯಜ್ಞಾನದ ಸಾಬೀತು ಎಂದು ದೊಡ್ಡ ಹೆಸರಿಟ್ಟಿದ್ದಾರೆ: ಬೇಕಾದ ಒಂದು ಸತ್ಯವನ್ನು ಮಾತ್ರ ಸಾಬೀತು ಮಾಡು, ಬೇರೇನೂ ಹೊರಬೀಳದಿರಲಿ. ಇದರ ಅತ್ಯಂತ ಸರಳ ರೂಪವನ್ನು ನಾವು ಎಡಗೈ ತೋರುಬೆರಳಿನ ಮೇಲೆ ಹೊತ್ತು ತಿರುಗಿದ್ದೇವೆ. ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಸ್ಥಾಪಿಸಿದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಚುನಾವಣೆಯಿಂದ ದೇಶಕ್ಕೆ ಅಳಿಸದ ಶಾಯಿ ಕೊಡುತ್ತಿದೆ. ಇವರು ಮತ ಹಾಕಿದ್ದಾರೆ ಎಂಬ ಒಂದೇ ಮಾತನ್ನು ಆ ಶಾಯಿ ಹೇಳುತ್ತದೆ, ಯಾರಿಗೆ ಎಂಬುದನ್ನು ಹೇಳುವುದಿಲ್ಲ. ಆದರೆ ಶಾಯಿ ಒಬ್ಬನನ್ನು ಕಾಯಬಹುದು, ಊರನ್ನು ಕಾಯಲಾರದು. ಕಾಗದದ ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರು ನಡೆಯುತ್ತಿದೆ. ಒಂದು ಸಾವಿರ ಚಿಲ್ಲರೆ ಮತದ ಊರು ಯಾರ ಕಡೆ ವಾಲಿತೆಂದು ಗೆದ್ದವನಿಗೂ ಗೊತ್ತು, ಸೋತವನಿಗೂ ಗೊತ್ತು. ರಸ್ತೆ, ನೀರಿನ ವಿಷಯದಲ್ಲಿ ಸೇಡು ತೀರಿಸಿಕೊಳ್ಳುವ ಭಯ ಸುಳ್ಳಲ್ಲ. ಹಲವು ಯಂತ್ರಗಳ ಮತ ಒಟ್ಟುಗೂಡಿಸಿ ತೋರಿಸುವ ಟೋಟಲೈಸರ್ ಎಂಬ ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತು, ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಸರ್ಕಾರ ಒಪ್ಪಲಿಲ್ಲ. ಮೊನೆರೊದಲ್ಲಿ 2022ರಿಂದ ಪ್ರತಿ ಪಾವತಿಯ ನಿಜವಾದ ಮೂಲ ಹದಿನಾರರ ಗುಂಪಿನಲ್ಲಿ ಅಡಗಿರುತ್ತದೆ, ಈ ಗುಂಪು ಇನ್ನೂ ದೊಡ್ಡದಾಗಬೇಕೆಂದು ಅದರ ಕಡೆಯವರೇ ವಾದಿಸುತ್ತಾರೆ. ಹದಿನಾರು ಸಾಲದು ಎಂಬ ಅವರ ಎಚ್ಚರ ನಮ್ಮ ಮತಗಟ್ಟೆಯ ವಿಷಯದಲ್ಲಿ ನಮಗೆ ಇಲ್ಲದಿರುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಹೀಗೆಂದು ಹಣದ ತಂತ್ರವನ್ನು ಎತ್ತಿ ಮತಕ್ಕೆ ಅಂಟಿಸಬಹುದು ಎಂದುಕೊಳ್ಳುವುದು ಅವಸರ. ಕ್ರಿಪ್ಟೊ ಹಣದ ಖಾತೆಪುಸ್ತಕವಾದ ಬ್ಲಾಕ್‌ಚೈನ್ ಮೇಲೆ ಚುನಾವಣೆ ನಡೆಸೋಣ ಎಂಬ ಉತ್ಸಾಹ ಮೊದಲು ಹೇಳಿದ ಚೆಸ್ ಗುಂಪುಗಳಲ್ಲಿ ಆಗಾಗ ಏಳುತ್ತದೆ. ಆದರೆ ಹಣ ಕೊಟ್ಟವನು ಕೊಟ್ಟೆನೆಂದು ತೋರಿಸಲು ಶಕ್ತನಾಗಿರಬೇಕು, ರಸೀದಿ ಇಲ್ಲದ ಪಾವತಿಯಿಂದ ಬಡವನೇ ಮೊದಲು ಕೆಡುತ್ತಾನೆ. ಮತ ಹಾಕಿದವನು ಯಾರಿಗೆ ಹಾಕಿದೆನೆಂದು, ತಾನೇ ಇಷ್ಟಪಟ್ಟರೂ, ತೋರಿಸಲು ಶಕ್ತನಾಗಿರಬಾರದು. ತೋರಿಸಲು ಬರುವುದಾದರೆ ತೋರಿಸು ಎಂದು ಕೇಳುವ ಸಾಹುಕಾರ, ದುಡ್ಡು ಹಂಚಿದ ಕಾರ್ಯಕರ್ತ, ಮನೆಯ ಯಜಮಾನ ಹುಟ್ಟಿಕೊಳ್ಳುತ್ತಾರೆ. ನಮ್ಮ ವಿವಿಪ್ಯಾಟ್ ಯಂತ್ರ ಚೀಟಿಯನ್ನು ಗಾಜಿನ ಹಿಂದೆ ಏಳು ಸೆಕೆಂಡು ತೋರಿಸಿ ಪೆಟ್ಟಿಗೆಗೆ ಬೀಳಿಸುತ್ತದೆ. ಮತದಾರನಿಗೆ ನಂಬಿಕೆ ಬರುತ್ತದೆ, ಕೈಗೆ ಕಾಗದ ಬರುವುದಿಲ್ಲ. ಚೆಸ್ಸಿನ ನಡೆಗೆ ಮತ ಹಾಕುವಲ್ಲಿ ಯಾರೂ ಯಾರನ್ನೂ ಹೆದರಿಸುವುದಿಲ್ಲ, ಆದ್ದರಿಂದ ಅಲ್ಲಿ ಪ್ರತಿ ಮತಕ್ಕೂ ಪರೀಕ್ಷಿಸಬಹುದಾದ ರಸೀದಿ ಕೊಟ್ಟರೂ ನಡೆಯುತ್ತದೆ, ಎಣಿಕೆಯ ಮೇಲೆ 1999ರಲ್ಲಿ ಎದ್ದ ಅನುಮಾನ ಅದರಿಂದ ತೀರುತ್ತದೆ. ಅದೇ ಏರ್ಪಾಡನ್ನು ಗ್ರಾಮ ಪಂಚಾಯಿತಿ ಚುನಾವಣೆಗೆ ತಂದರೆ ಮತ ಹಾಕಿ ಹೊರಬಂದವನ ಮೊಬೈಲನ್ನು ಕೇಳಿ ತೆಗೆದು ನೋಡುವವರು ಮತಗಟ್ಟೆಯಿಂದ ನೂರು ಮೀಟರ್ ಆಚೆ ನಿಂತಿರುತ್ತಾರೆ.