ಅದು ನಾಟಕವೂ ಅಲ್ಲ, ದೆವ್ವವೂ ಅಲ್ಲ ಸ್ವಾಮಿ!

ಫಿಟ್ಸ್ ಅಂದ ತಕ್ಷಣ ನಮ್ಮ ಜನರ ಕಣ್ಣ ಮುಂದೆ ಬರೋದು ಒಂದೇ ಚಿತ್ರ. ದಢಾರನೆ ಬೀಳೋದು, ಕೈಕಾಲು ಸೆಳೆತ, ಬಾಯಲ್ಲಿ ನೊರೆ, ಪಕ್ಕದಲ್ಲೊಬ್ಬರು ಬೀಗದ ಕೈ ಹಿಡಿಸೋದು. ಈ ಚಿತ್ರಕ್ಕೆ ಹೊಂದದಿದ್ದರೆ? "ನಾಟಕ ಆಡ್ತಾಳೆ", ಇಲ್ಲಾ "ಗಾಳಿ ಸೋಕಿದೆ". ನನ್ನ ಸಿಟ್ಟು ಈ ಎರಡು ಮಾತುಗಳ ಮೇಲೆ.

ಹಣೆಯ ಹಿಂದಿರುವ ಮಿದುಳಿನ ಭಾಗ ಫ್ರಾಂಟಲ್ ಲೋಬ್. ನಮ್ಮ ಚಲನೆ, ನಡವಳಿಕೆಗಳನ್ನು ಹಿಡಿತದಲ್ಲಿಡುವುದು ಅದರ ಕೆಲಸ. ಫಿಟ್ಸ್ ಅಲ್ಲಿ ಶುರುವಾದರೆ ಅದರ ರೂಪವೇ ಬೇರೆ. ನಿದ್ದೆಯಲ್ಲಿದ್ದವರು ತಟಕ್ಕನೆ ಎದ್ದು ಕಿರುಚಬಹುದು, ಕೆಟ್ಟದಾಗಿ ಬೈಯಬಹುದು, ಸೈಕಲ್ ತುಳಿದಂತೆ ಕಾಲಾಡಿಸಬಹುದು, ಸೊಂಟ ಎತ್ತೆತ್ತಿ ಕುಕ್ಕಬಹುದು. ಕೆಲವರಿಗೆ ಒಂದು ಕೈ ಮೇಲೆದ್ದು ಸೆಟೆದು ನಿಲ್ಲುತ್ತೆ. ಎಷ್ಟೋ ಸಲ ಅರ್ಧ ನಿಮಿಷದಲ್ಲಿ ಎಲ್ಲ ಮುಗಿದು, ಏನೂ ಆಗದವರಂತೆ ಮಾತಾಡ್ತಾರೆ. ನಡುವೆ ಎಚ್ಚರ ಇರುವವರೂ ಉಂಟು. ಒಂದೇ ರಾತ್ರಿ ನಾಲ್ಕೈದು ಬಾರಿ ಬರುವುದೂ ಉಂಟು.

ನೋಡಿದವರಿಗೆ ಅನುಮಾನ ಬರೋದು ಸಹಜ, ಒಪ್ಪಿದೆ. ಆದರೆ ಡಾಕ್ಟರೇ ಹಾಗಂದರೆ? ನನ್ನ ಚಿಕ್ಕಮ್ಮನ ಮಗಳಿಗೆ ಒಬ್ಬರು ಒಂದೇ ಒಂದು ಇಇಜಿ ಮಾಡಿಸಿ, "ನಾರ್ಮಲ್ ಇದೆ, ಮದುವೆ ಮಾಡಿ, ಸರಿಹೋಗುತ್ತೆ" ಅಂದರು. ಮೂರು ವರ್ಷ ಅವಳ ಕೊರಳಲ್ಲಿ ತಾಯತ, ಮನೆಯವರ ಬಾಯಲ್ಲಿ ಬೈಗುಳ. ಹಾಸ್ಟೆಲ್ ಬಿಡಿಸಿದರು, ಓದು ನಿಂತಿತು.

ನಾನು ಸಾಫ್ಟ್‌ವೇರಿನವನು. ಯಾವಾಗಲೋ ಒಮ್ಮೆ ಕಾಣಿಸುವ ಬಗ್ ನಾನು ನೋಡಿದಾಗ ಬರಲಿಲ್ಲ ಅಂತ "ಬಗ್ಗೇ ಇಲ್ಲ" ಅಂದರೆ ನನ್ನ ಮ್ಯಾನೇಜರ್ ಬಿಡ್ತಾರಾ? ತಲೆಯ ಮೇಲೆ ಅಂಟಿಸಿದ ತಂತಿಗಳಿಗೆ ಫ್ರಾಂಟಲ್ ಲೋಬಿನ ಒಳಮಡಿಕೆಗಳ ಸಂಕೇತ ಎಷ್ಟೋ ಸಲ ಸಿಗೋದೇ ಇಲ್ಲ. ಫಿಟ್ಸ್ ಬಂದಾಗ್ಲೇ ರೆಕಾರ್ಡ್ ಮಾಡಿದರೂ ಸ್ನಾಯುಗಳ ಗದ್ದಲದಲ್ಲಿ ಅದು ಮುಚ್ಚಿಹೋಗಬಹುದು. ಎಂಆರ್‌ಐ ಕೂಡ ನಾರ್ಮಲ್ ಬರಬಹುದು.

ಇದೇನೂ ನಿನ್ನೆಯ ಸುದ್ದಿಯಲ್ಲ. ಇಟಲಿಯ ಲುಗರೇಸಿ ಮತ್ತು ಚಿರಿನ್ಯೋಟಾ 1981ರಲ್ಲೇ ನಿದ್ದೆಯ ಇಂಥ ವಿಚಿತ್ರ ಚಲನೆಗಳನ್ನು ವರ್ಣಿಸಿದ್ದರು. 1995ರಲ್ಲಿ ಕೆಲವು ಕುಟುಂಬಗಳ ಕಾಯಿಲೆಗೆ ಕಾರಣವಾದ ಜೀನ್ ಕೂಡ ಸಿಕ್ಕಿತು. ಜೀನಿನಲ್ಲಿ ಬಂದದ್ದನ್ನು ನಾಟಕ ಅನ್ನೋದು ಯಾವ ನ್ಯಾಯ?

"ಹಾಗಾದರೆ ರಾತ್ರಿ ಬೆಚ್ಚಿಬೀಳೋದೆಲ್ಲ ಫಿಟ್ಸಾ?" ಅಂತೀರಾ? ಇಲ್ಲ. ಮಕ್ಕಳು ನಿದ್ದೆಯಲ್ಲಿ ಹೆದರಿ ಕಿರುಚೋದು ಸಾಮಾನ್ಯವಾಗಿ ರಾತ್ರಿಯ ಮೊದಲ ಭಾಗದಲ್ಲಿ, ಒಂದೋ ಎರಡೋ ಸಲ, ಕೆಲವು ನಿಮಿಷ. ಇದು ಹೊತ್ತು ನೋಡಲ್ಲ, ಚಿಕ್ಕದು, ಪ್ರತಿ ಸಲವೂ ಹೆಚ್ಚುಕಮ್ಮಿ ಅಚ್ಚು ಹಾಕಿದ ಹಾಗೆ ಒಂದೇ ಥರ. ಮನಸ್ಸಿನ ಒತ್ತಡದಿಂದ ಬರುವ, ಮಿದುಳಿನ ವಿದ್ಯುತ್ತಿಗೆ ಸಂಬಂಧಿಸದ ಫಿಟ್ಸೂ ಇವೆ. ಅವೂ ನಾಟಕವಲ್ಲ, ಅವಕ್ಕೂ ಚಿಕಿತ್ಸೆ ಇದೆ. ಬೇಕಾದ್ದು ತೀರ್ಪಲ್ಲ, ಪರೀಕ್ಷೆ.

ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ? ಬೀಗದ ಕೈ ಹುಡುಕೋ ಬದಲು ವಿಡಿಯೋ ತೆಗೆಯಿರಿ, ನರರೋಗ ತಜ್ಞರಿಗೆ ತೋರಿಸಿ, ವಿಡಿಯೋ ಇಇಜಿ ಬಗ್ಗೆ ಕೇಳಿ. ನಮ್ಮ ನಿಮ್ಹಾನ್ಸ್‌ನಲ್ಲೂ ಅದಿದೆ. ಕಾರ್ಬಮಜೆಪಿನ್‌ನಂಥ ಹಳೇ ಮಾತ್ರೆಯೇ ಬಹಳ ಜನಕ್ಕೆ ನಾಟುತ್ತೆ, ಎಲ್ಲರಿಗೂ ಅಲ್ಲದಿದ್ದರೂ.

ಇನ್ನು ಮದುವೆ ಮಾರುಕಟ್ಟೆಗೆ ಹೆದರಿ ಮುಚ್ಚಿಡುವವರಿಗೆ ಒಂದು ಮಾತು. ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರ ಅನ್ನೋ ಪದವನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ, ನೋಡಿ!